ಬಸ್ಸು ಬಾರದ ರಸ್ತೆ ಯಾರದು?

ನಗರದ ಬಸ್ಸುಗಳ ಕೊರತೆಯನ್ನು ಕುರಿತು ಬೆಟ್ಟದ ಊರುಗಳ ಪತ್ರಿಕೆಯೊಂದು ಸಂಪಾದಕೀಯ ಬರೆಯುವುದೇಕೆ ಎಂಬ ಪ್ರಶ್ನೆ ಕೆಲವು ಓದುಗರಲ್ಲಿ ಮೂಡಬಹುದು. ಕಾರಣ ಸರಳವಾಗಿದೆ. ನಗರವು ಹೇಗೆ ಸಂಚರಿಸುತ್ತದೆ ಎಂಬುದರ ಮೇಲೆ ಬೆಟ್ಟದ ಅಳಿವು ಉಳಿವು ನಿಂತಿದೆ. ವಾಹನಕ್ಕೆ ಬೇಕಾದ ಅದಿರು, ರಸ್ತೆಗೆ ಬೇಕಾದ ಜಲ್ಲಿ, ಮೇಲ್ಸೇತುವೆಗೆ ಬೇಕಾದ ಮರಳು, ಇವೆಲ್ಲವೂ ಯಾವುದೋ ಗುಡ್ಡವನ್ನು ಕಡಿದು, ಯಾವುದೋ ಹೊಳೆಯನ್ನು ಬಗೆದು ತಂದವೇ. ಈ ಮಾತಿಗೆ ಬಳ್ಳಾರಿಗಿಂತ ನಿಚ್ಚಳವಾದ ಸಾಕ್ಷಿ ಕರ್ನಾಟಕದಲ್ಲಿ ಇನ್ನೊಂದಿಲ್ಲ.

2000ರ ದಶಕದಲ್ಲಿ ಸಂಡೂರಿನ ಬೆಟ್ಟಗಳಿಂದ ಅದಿರು ಹೊತ್ತ ಲಾರಿಗಳು ಹಗಲಿರುಳೆನ್ನದೆ ಸಾಗಿದವು. ರಸ್ತೆಗಳು ಕಿತ್ತುಹೋದವು, ಬೆಳೆಗಳ ಮೇಲೆ ಕೆಂಪು ದೂಳು ಕುಳಿತಿತು. 2011ರ ಜುಲೈ ತಿಂಗಳಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಹೊರಬಂದಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿತು. ಮುಂದೆ ಷರತ್ತುಗಳೊಡನೆ ಗಣಿಗಳು ಮತ್ತೆ ತೆರೆದುಕೊಂಡದ್ದು ಎಲ್ಲರಿಗೂ ತಿಳಿದ ಸಂಗತಿ. ಇಷ್ಟೆಲ್ಲದರ ನಡುವೆ ಒಂದು ವಿಷಯವನ್ನು ಗಮನಿಸಬೇಕು. ಅದಿರಿಗಾಗಿ ತೋರಣಗಲ್ಲಿನಿಂದ ರಣಜಿತ್‌ಪುರದವರೆಗೆ ರೈಲು ಹಳಿ ಬೆಟ್ಟದ ಬುಡ ಮುಟ್ಟಿದೆ. ಆದರೆ ಭತ್ತದ ಕಣಜವೆನಿಸಿದ ಸಿರುಗುಪ್ಪಕ್ಕೆ ಇಂದಿಗೂ ರೈಲಿಲ್ಲ. ದೊಡ್ಡಬಸವೇಶ್ವರನ ಊರಾದ ಕುರುಗೋಡಿಗೂ ಇಲ್ಲ. ಕಲ್ಲಿಗೆ ದಾರಿ ಮಾಡಿಕೊಟ್ಟ ವ್ಯವಸ್ಥೆ ಮನುಷ್ಯರಿಗೆ ದಾರಿ ಮಾಡಿಕೊಡಲಿಲ್ಲ. ಈ ಎರಡು ತಾಲ್ಲೂಕುಗಳ ಜನಸಾಮಾನ್ಯರಿಗೆ ಬಸ್ಸೇ ಗತಿ.

ಸಿರುಗುಪ್ಪ ಬಳ್ಳಾರಿಯಿಂದ ಸುಮಾರು 55 ಕಿಲೋಮೀಟರ್, ಕುರುಗೋಡು ಸುಮಾರು 28 ಕಿಲೋಮೀಟರ್. ದೊಡ್ಡಾಸ್ಪತ್ರೆ, ವಿಶ್ವವಿದ್ಯಾಲಯ, ಜಿಲ್ಲಾ ಕಚೇರಿ, ನ್ಯಾಯಾಲಯ ಎಲ್ಲವೂ ಇರುವುದು ಬಳ್ಳಾರಿಯಲ್ಲಿ. ಸಾವಿರಾರು ಕುಟುಂಬಗಳಿಗೆ ಅನ್ನ ನೀಡುವ ಜೀನ್ಸ್ ಹೊಲಿಗೆಯ ಕೆಲಸವೂ ಅಲ್ಲಿಯೇ. ಊರಿನಿಂದ ಹೊರಟ ವಿದ್ಯಾರ್ಥಿಯೋ ರೋಗಿಯೋ ಹೇಗೋ ಬಳ್ಳಾರಿಯ ಬಸ್ ನಿಲ್ದಾಣ ತಲುಪುತ್ತಾರೆ. ನಿಜವಾದ ಕಷ್ಟ ಆರಂಭವಾಗುವುದು ಆ ಬಳಿಕ. ನಿಲ್ದಾಣದಿಂದ ಕಂಟೋನ್ಮೆಂಟಿಗೆ, ಕೌಲ್ ಬಜಾರಿಗೆ, ಊರ ಹೊರಗಿನ ಹೊಸ ಬಡಾವಣೆಗೆ ಹೋಗಲು ಸಿಟಿ ಬಸ್ಸನ್ನು ನೆಚ್ಚಿ ಹೊರಡುವಂತಿಲ್ಲ. ಆಟೋಗೆ ಕೈ ಒಡ್ಡಬೇಕು. ಊರಿನಿಂದ ಬಂದ ಬಸ್ಸಿನ ದರಕ್ಕಿಂತ ಊರೊಳಗಿನ ಆಟೋ ಬಾಡಿಗೆಯೇ ಹೆಚ್ಚಾದರೆ ಕೂಲಿಯವನ ದಿನದ ಲೆಕ್ಕ ಅಲ್ಲಿಗೇ ಮುಗಿಯಿತು.

2011ರ ಜನಗಣತಿಯ ಹೊತ್ತಿಗೇ ಬಳ್ಳಾರಿಯ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು. ಅದೇ ಗಣತಿಯ ಪ್ರಕಾರ ದೇಶದ ನೂರು ಮನೆಗಳ ಪೈಕಿ ಕಾರು ಇದ್ದದ್ದು ಐದಕ್ಕೂ ಕಡಿಮೆ ಮನೆಗಳಲ್ಲಿ. ದ್ವಿಚಕ್ರ ವಾಹನ ಇದ್ದದ್ದು 21 ಮನೆಗಳಲ್ಲಿ. ಸೈಕಲ್ ಇದ್ದದ್ದು ಸುಮಾರು 45 ಮನೆಗಳಲ್ಲಿ. ಅಂದಿನಿಂದ ಕಾರು, ಬೈಕುಗಳ ಸಂಖ್ಯೆ ಏರಿದೆ ಎಂಬುದು ನಿಜ. ಆದರೂ ಕಾರಿನವರು ಅಲ್ಪಸಂಖ್ಯಾತರೇ. ಅವರಿಗಾಗಿ ರಸ್ತೆ ಅಗಲವಾಗುತ್ತದೆ, ಮರ ಉರುಳುತ್ತದೆ, ಪಾದಚಾರಿ ಮಾರ್ಗ ಕಿರಿದಾಗುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮೀರುವ ಊರಿನಲ್ಲಿ ನೆರಳಿಲ್ಲದ ರಸ್ತೆಯ ಬದಿ ನಿಂತು ಕಾಯುವವರು ಮಾತ್ರ ಬಹುಸಂಖ್ಯಾತರು.

ಐವತ್ತು ಜನ ಎರಡೆರಡು ಮಂದಿಯಂತೆ ಕಾರಿನಲ್ಲಿ ಹೋದರೆ ಇಪ್ಪತ್ತೈದು ಕಾರು ಬೇಕು. ಅದೇ ಐವತ್ತು ಜನಕ್ಕೆ ಒಂದು ಬಸ್ಸು ಸಾಕು. ಆ ಬಸ್ಸು ರಸ್ತೆಯಲ್ಲಿ ಹಿಡಿಯುವುದು ಮೂರು ಕಾರುಗಳ ಜಾಗ. ಇಂಧನ, ಹೊಗೆ, ಜಾಗ ಯಾವುದರಲ್ಲಿ ನೋಡಿದರೂ ಲೆಕ್ಕ ಬಸ್ಸಿನ ಪರವಾಗಿಯೇ ಇದೆ. ಹೀಗಿದ್ದೂ ಬಸ್ಸು ಸೊರಗುವುದೇಕೆ? ಬಸ್ಸು ಅಪರೂಪವಾದಾಗ ಜನ ಸಾಲ ಮಾಡಿ ಬೈಕು ಕೊಳ್ಳುತ್ತಾರೆ, ಇಲ್ಲವೆ ತುಂಬಿ ತುಳುಕುವ ಟಂಟಂ ಏರುತ್ತಾರೆ. ಜನ ಕಡಿಮೆಯಾದರೆಂದು ಆ ಮಾರ್ಗವನ್ನು ನಷ್ಟದ ಮಾರ್ಗವೆಂದು ಬರೆದುಕೊಂಡು ಇದ್ದ ಬಸ್ಸನ್ನೂ ಕಡಿತ ಮಾಡಲಾಗುತ್ತದೆ. ಉಳಿದ ಜನರೂ ಆಗ ಬಸ್ಸಿನ ಆಸೆ ಬಿಡುತ್ತಾರೆ. ಈ ವಿಷವರ್ತುಲವನ್ನು ಪ್ರಯಾಣಿಕ ಮುರಿಯಲಾರ. ಮೊದಲು ಬಸ್ಸು ಬರಬೇಕು, ಜನ ಆಮೇಲೆ ಬರುತ್ತಾರೆ.

ಬಸ್ಸು ಬಂದರೆ ಜನ ಬರುತ್ತಾರೆ ಎನ್ನಲು ಶಕ್ತಿ ಯೋಜನೆಯೇ ನಿದರ್ಶನ. 2023ರ ಜೂನ್ 11ರಂದು ಅದು ಆರಂಭವಾದಾಗಿನಿಂದ ಮನೆಯೊಳಗೇ ಉಳಿದಿದ್ದ ಎಷ್ಟೋ ಹೆಣ್ಣುಮಕ್ಕಳು ಬಸ್ಸು ಹತ್ತಿದರು. ಆದರೆ ಟಿಕೆಟ್ಟಿಗೆ ಹಣವಿಲ್ಲದಿದ್ದರೆ ಸಾಲದು, ಹತ್ತಲು ಬಸ್ಸೂ ಇರಬೇಕು. ಸಂಜೆಯ ಕೊನೆಯ ಬಸ್ಸಿನ ಹೊತ್ತೇ ಹಳ್ಳಿಯ ಹೆಣ್ಣುಮಗಳ ಓದಿನ ಎಲ್ಲೆ, ದುಡಿಮೆಯ ಎಲ್ಲೆ. ಆ ಬಸ್ಸು ಒಂದು ಗಂಟೆ ತಡವಾಗಿ ಹೊರಟರೆ ಆಕೆಯ ಬದುಕು ಅಷ್ಟು ಹಿಗ್ಗುತ್ತದೆ. ಇನ್ನು 2025ರ ಜನವರಿಯಲ್ಲಿ ದರ ಶೇಕಡಾ 15ರಷ್ಟು ಏರಿತು. ಗಂಡಸರಾದ ಕೂಲಿಗಳು ತೆರುವ ಈ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ಹೆಚ್ಚಿನ ಬಸ್ಸನ್ನು ಕೇಳುವುದು ನ್ಯಾಯವೇ ಆಗಿದೆ.

ನೀತಿಗೆ ಕೊರತೆಯಿಲ್ಲ. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿಯಾಗಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿದೆ. ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಿಗೆ ವಿದ್ಯುತ್ ಬಸ್ಸು ಒದಗಿಸುವ ಕೇಂದ್ರದ ಯೋಜನೆಗೆ 2023ರ ಆಗಸ್ಟಿನಲ್ಲಿ ಒಪ್ಪಿಗೆ ದೊರೆತಿದೆ. ನಮ್ಮ ರಾಜ್ಯದಲ್ಲಿಯೇ ಹುಬ್ಬಳ್ಳಿ ಧಾರವಾಡಗಳ ನಡುವೆ ಬಸ್ಸಿಗೆಂದೇ ಪ್ರತ್ಯೇಕ ಪಥ ಮಾಡಿ 2018ರಿಂದ ಚಿಗರಿ ಬಸ್ಸುಗಳನ್ನು ಓಡಿಸಲಾಗಿದೆ. ಅಲ್ಲಿ ಮರಗಳು ಉರುಳಿದವು, ತಕರಾರುಗಳೂ ಎದ್ದಿವೆ. ಬಳ್ಳಾರಿಗೆ ಅಷ್ಟು ದೊಡ್ಡ ಯೋಜನೆಯ ಅಗತ್ಯವಿಲ್ಲ. ಇರುವ ರಸ್ತೆಯಲ್ಲಿಯೇ ಹೊತ್ತಿಗೆ ಸರಿಯಾಗಿ ಬರುವ ಸಣ್ಣ ಬಸ್ಸುಗಳು ಸಾಕು.

ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. ಹಣ ಬೆಟ್ಟದಲ್ಲಿದೆ. 2015ರ ತಿದ್ದುಪಡಿಯ ನಂತರ ಗಣಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತಿವೆ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟಿನ ನಿಗಾದಲ್ಲಿ ಸಂಗ್ರಹವಾದ ನಿಧಿಯೂ ಸಾವಿರಾರು ಕೋಟಿ ರೂಪಾಯಿಗಳದು. ಸಂಡೂರಿನ ದೂಳು ಕುಡಿದವರ ಹೆಸರಿನ ಈ ಹಣ ಮತ್ತೆ ಲಾರಿ ಓಡುವ ರಸ್ತೆಗೇ ಸುರಿದುಹೋಗಬಾರದು. ಅದರ ಒಂದು ಪಾಲು ಜನರು ಹತ್ತುವ ಬಸ್ಸಾಗಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವು ನಗರ ಮಾರ್ಗಗಳ ವೇಳಾಪಟ್ಟಿಯನ್ನು ಪ್ರತಿ ನಿಲ್ದಾಣದಲ್ಲಿ ಕನ್ನಡದಲ್ಲಿ ಬರೆಸಲಿ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡುಗಳಿಂದ ಬರುವ ಬಸ್ಸುಗಳಿಗೆ ಹೊಂದುವಂತೆ ಸಿಟಿ ಬಸ್ಸುಗಳು ಹೊರಡಲಿ. ಕಾಲೇಜು ಬಿಡುವ, ಹೊಲಿಗೆ ಘಟಕಗಳು ಮುಚ್ಚುವ ಹೊತ್ತು ನೋಡಿ ಕೊನೆಯ ಬಸ್ಸು ನಿಗದಿಯಾಗಲಿ. ನಿಲ್ದಾಣದ ಬಳಿ ಸಿಮೆಂಟಿನ ಸೂರಿನ ಜೊತೆಗೆ ಒಂದು ಬೇವಿನ ಮರವೂ ಬೆಳೆಯಲಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನೀವು ದಿನವೂ ಕಾಯುವ ನಿಲ್ದಾಣದಲ್ಲಿ ಒಂದು ತಿಂಗಳ ಕಾಲ ಬಸ್ಸು ಬಂದ ಹೊತ್ತು, ಬಾರದ ಹೊತ್ತು, ಕಾದ ಜನರ ಸಂಖ್ಯೆಯನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಗ್ರಾಮಸಭೆಯಲ್ಲಿ ಹಿರಿಯರು ಆ ಲೆಕ್ಕವನ್ನು ಮುಂದಿಟ್ಟು ನಿರ್ಣಯ ಮಾಡಿಸಲಿ. ಮನವಿಯನ್ನು ಕಪಾಟಿನೊಳಗೆ ಇಡುವುದು ಅಧಿಕಾರಿಗಳಿಗೆ ಸುಲಭ. ದಿನಾಂಕ, ಗಂಟೆ ಸಹಿತವಾದ ಲೆಕ್ಕಕ್ಕೆ ಉತ್ತರಿಸದಿರುವುದು ಅಷ್ಟು ಸುಲಭವಲ್ಲ.