ಬೆನ್ನಿನ ಚುಚ್ಚುಮದ್ದು ಮತ್ತು ತೆರೆದ ಬಟ್ಟಲು

ಇಚಲಕರಂಜಿಯ ಮಗ್ಗದ ಕೇರಿಯಾಗಲಿ, ಗಡಹಿಂಗ್ಲಜದ ಗಡಿಹಳ್ಳಿಯಾಗಲಿ, ಕನ್ನಡ ಮನೆಯ ಹೆರಿಗೆ ಕಷ್ಟವಾದರೆ ಕೊಲ್ಲಾಪುರಕ್ಕೆ ಧಾವಿಸುವುದುಂಟು. ನಮಗೆ ಮಂಗಳೂರು ಇದ್ದಂತೆ. ಅಲ್ಲಿ ಮರಾಠಿ, ಇಲ್ಲಿ ಮಲೆಯಾಳ. ಅರಿಯದ ನುಡಿಯ ಕಾಗದಕ್ಕೆ ಸಹಿ ಹಾಕುವ ಪ್ರಸಂಗ ಇಬ್ಬರಿಗೂ ಹೊಸತಲ್ಲ. ಆದುದರಿಂದ ಒಂದು ವಿಷಯವನ್ನು ಮೊದಲೇ ತಿಳಿದಿರುವುದು ಲೇಸು.

ಸಿಸೇರಿಯನ್ ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆ ಚುಚ್ಚುತ್ತಾರೆ. ಸೋಂಕು ತಗಲದಂತೆ ಅದಕ್ಕೆ ಮುನ್ನ ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಬೆರೆತ ಸ್ಪಿರಿಟ್ ಹಚ್ಚುವರು. ಇದು ಅವಶ್ಯ. ಆದರೆ ಚರ್ಮವನ್ನು ಕಾಯುವ ಈ ದ್ರವವೇ ನರಗಳಿಗೆ ವಿಷ. 2010ರಲ್ಲಿ ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ಲವಣಜಲದ ಬದಲು ಈ ದ್ರವವೇ ಹೆರಿಗೆಗೆ ಬಂದ ತಾಯಿಯ ಬೆನ್ನೊಳಗೆ ಸೇರಿತು. ಆಕೆಯ ನರಗಳಿಗೆ ಗುಣವಾಗದ ಹಾನಿಯಾಯಿತು. ಬಟ್ಟಲುಗಳು ಅಕ್ಕಪಕ್ಕದಲ್ಲಿದ್ದುದೇ ಅನರ್ಥಕ್ಕೆ ದಾರಿಯಾಯಿತು.

ಪರಿಹಾರಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬ್ರಿಟನ್ ಮತ್ತು ಐರ್ಲೆಂಡಿನ ಅರಿವಳಿಕೆ ತಜ್ಞರ ಸಂಘಗಳು 2014ರಲ್ಲಿ ನೀಡಿದ ಸಲಹೆ ಸರಳ: ಶೇ. 2ರ ಬದಲು ಶೇ. 0.5ರ ದ್ರಾವಣ ಸಾಕು. ಅದನ್ನು ಸೂಜಿ, ಔಷಧಗಳಿಂದ ದೂರವಿಡಬೇಕು. ಹಚ್ಚಿದ್ದು ಪೂರ್ತಿ ಒಣಗಿದ ಮೇಲೆಯೇ ಚುಚ್ಚಬೇಕು. ಒದ್ದೆಯಾದ ಕೈಗವಸಿನಲ್ಲಿ ಸೂಜಿ ಮುಟ್ಟಬಾರದೆಂಬುದೂ ಇದರ ತಾತ್ಪರ್ಯವೇ.

ಇಂಥ ಅನಾಹುತ ತೀರ ವಿರಳ. ಚುಚ್ಚುಮದ್ದಿಗೆ ಅಂಜಿ ಹಿಂಜರಿಯಬೇಕಾಗಿಲ್ಲ. ಆದರೆ ಹಿಂದಿನ ದಿನವೇ ವೈದ್ಯರನ್ನು, ಬೇಕಾದರೆ ಭಾಷೆ ಬಲ್ಲವರೊಬ್ಬರನ್ನು ಜೊತೆಗಿರಿಸಿಕೊಂಡು, ಕೇಳಿ: "ಬೆನ್ನಿಗೆ ಹಚ್ಚುವ ಮದ್ದನ್ನು ಚುಚ್ಚುವ ಮದ್ದಿನ ತಟ್ಟೆಯಿಂದ ಬೇರೆ ಇಡುತ್ತೀರಲ್ಲವೆ?" ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಮುನಿಯಲಾರರು.