ಉಪ್ಪು ಹೆಚ್ಚಾದದ್ದು ಯಾರಿಂದ?

ಒಲೆಯ ಮೇಲೆ ಹಾಲು ಉಕ್ಕಿತೆನ್ನಿ. ಮನೆಯಲ್ಲಿ ಮೊದಲು ಬರುವ ಮಾತೇನು? "ಒಲೆ ಮುಂದೆ ಯಾರಿದ್ದರು?" ಒರೆಸುವ ಬಟ್ಟೆ ಬರೋದು ಆಮೇಲೆ! ನಾನೂ ಇಪ್ಪತ್ತು ವರ್ಷದಿಂದ ಹಾಗೇ ಕೇಳಿಕೊಂಡು ಬಂದವಳು. ನಾಲ್ಕು ಜನ ಸೇರಿ ದುಡಿಯುವ ಕಡೆ ಈ ಪ್ರಶ್ನೆ ಎಷ್ಟು ದುಬಾರಿ ಅನ್ನುವುದು ಗೊತ್ತಾದದ್ದು ಕಳೆದ ಬೇಸಿಗೆಯಲ್ಲಿ.

ನಮ್ಮ ಬೀದಿಯ 11 ಜನ ಹೆಂಗಸರು ಸೇರಿ ಉದ್ದಿನ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತೇವೆ. ಒಂದು ವಾರ 40 ಪ್ಯಾಕೆಟ್ ವಾಪಸ್ ಬಂತು. ಬಾಯಿಗಿಟ್ಟರೆ ಬರೀ ಉಪ್ಪು. ಅಂಗಡಿಯವರು, "ಏನಮ್ಮಾ, ಸಮುದ್ರದ ನೀರಲ್ಲಿ ಹಿಟ್ಟು ಕಲಸಿದ್ರಾ?" ಅಂದರು.

ಅಂದು ಸಂಜೆಯೇ ಎಲ್ಲರೂ ಕೂತೆವು. "ಯಾರು ಕಲಸಿದ್ದೋ ಅವರ ಕೂಲಿಯಲ್ಲಿ ಹಿಡಿದುಬಿಡೋಣ" ಅಂದರು ನಮ್ಮ ಅಧ್ಯಕ್ಷೆ. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಎಲ್ಲರ ಕಣ್ಣೂ ಎದುರು ಮನೆಯ ಸೊಸೆಯ ಮೇಲೆ ಹೋಯಿತು. ಪಾಪ, ಎಲ್ಲರಿಗಿಂತ ಚಿಕ್ಕವಳು, ಬಂದು ಎರಡು ತಿಂಗಳಾಗಿತ್ತಷ್ಟೆ. "ನಾನು ಅಳತೆ ಪ್ರಕಾರವೇ ಹಾಕಿದೆ" ಅಂದಳು, ಕಣ್ಣಲ್ಲಿ ನೀರು. ಮಾರನೇ ದಿನದಿಂದ ಬರಲೇ ಇಲ್ಲ.

ಈಗ ನಿಜ ಹೇಳುತ್ತೇನೆ. ಆ ದಿನ ನೀರಿಗೆ ಹಪ್ಪಳದ ಖಾರದ ಜೊತೆ ಉಪ್ಪನ್ನೂ ಹಾಕಿ ಕುದಿಸಿದ್ದವಳು ನಾನು. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತೆಂದು ಯಾರೋ ಕೂಗಿದರು, ಮನೆಗೆ ಓಡಿದೆ. ಯಾರಿಗೂ ಹೇಳಲಿಲ್ಲ. ಆ ಹುಡುಗಿ ಹಿಟ್ಟಿಗೆ ಉಪ್ಪು ಬಿದ್ದಿಲ್ಲವೆಂದು ಮತ್ತೊಮ್ಮೆ ಹಾಕಿದಳು. ಸಭೆಯಲ್ಲಿ ಇದೆಲ್ಲ ನನಗೆ ಹೊಳೆಯದೆ ಇರಲಿಲ್ಲ. ಆದರೆ "ಕೂಲಿ ಹಿಡಿಯೋಣ" ಅನ್ನುವ ಮಾತು ಕಿವಿಗೆ ಬಿದ್ದಮೇಲೆ ನಾಲಿಗೆ ಏಳಲಿಲ್ಲ. ದುಡ್ಡು ಹೋಗುತ್ತಲ್ಲ ಅಂತಲ್ಲ, ಇಷ್ಟು ವಯಸ್ಸಾದವಳು ಅಷ್ಟು ಜನರ ಎದುರು ತಲೆ ತಗ್ಗಿಸಬೇಕಲ್ಲ ಅಂತ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಯಜಮಾನರು ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವರು. ಕೇಳಿ ನಕ್ಕುಬಿಟ್ಟರು. "ಬ್ರಿಟಿಷರ ಕಾಲದ 1936ರ ವೇತನ ಪಾವತಿ ಕಾಯ್ದೆಯಲ್ಲೇ, ನಷ್ಟವಾಯಿತೆಂದು ಕೂಲಿ ಹಿಡಿಯುವ ಮೊದಲು ಕೆಲಸಗಾರನ ಮಾತು ಕೇಳಬೇಕು ಅಂತ ಇತ್ತು ಕಣೇ. ನೀವು ಅವರಿಗಿಂತ ಜೋರಾದಿರಿ" ಅಂದರು. ಆಮೇಲೆ ಸತೀಶ್ ಧವನ್ ಅವರ ಸಂಗತಿ ಹೇಳಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಅವರು ಆಗ ಇಸ್ರೋ ಅಧ್ಯಕ್ಷರು. 1979ರ ಆಗಸ್ಟ್‌ನಲ್ಲಿ ಶ್ರೀಹರಿಕೋಟಾದಿಂದ ಹಾರಿಸಿದ ರಾಕೆಟ್ ಸಮುದ್ರಕ್ಕೆ ಬಿತ್ತು. ಆ ಯೋಜನೆಯ ಹೊಣೆ ಅಬ್ದುಲ್ ಕಲಾಂ ಅವರದು. ಆದರೆ ಪತ್ರಕರ್ತರ ಎದುರು ಕೂತು ಸೋಲಿನ ಹೊಣೆ ಹೊತ್ತವರು ಧವನ್. 1980ರ ಜುಲೈನಲ್ಲಿ ಗೆದ್ದಾಗ ಮಾತ್ರ "ನೀವೇ ಮಾತಾಡಿ" ಎಂದು ಕಲಾಂ ಅವರನ್ನು ಮುಂದೆ ಕಳಿಸಿದರಂತೆ. ಕಲಾಂ ಅವರೇ ಎಷ್ಟೋ ಕಡೆ ಇದನ್ನು ಹೇಳಿದ್ದಾರೆ. ರಾಕೆಟ್ಟೆಲ್ಲಿ, ನಮ್ಮ ಹಪ್ಪಳವೆಲ್ಲಿ ಅನ್ನಬೇಡಿ. ನನಗೆ ನಾಚಿಕೆಯಾಗಲು ಅಷ್ಟು ಸಾಕಾಯಿತು.

ಬೆಳಗ್ಗೆ ಎದುರು ಮನೆಗೆ ಹೋದೆ. ಅವಳ ಅತ್ತೆಯ ಎದುರೇ ಹೇಳಿದೆ. ನಂತರ ಎಲ್ಲರಿಗೂ ಹೇಳಿದೆ. ಅಧ್ಯಕ್ಷೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಹಾಗೆ ಕೇಳಬಾರದಿತ್ತು ನಾನು" ಅಂದರು. ಅದು ಅವರ ದೊಡ್ಡ ಗುಣ.

ಈಗ ನಮ್ಮಲ್ಲಿ 5 ಕೆ.ಜಿ. ಹಿಟ್ಟಿಗೆ ಬೇಕಾದ ಉಪ್ಪನ್ನು ಬೆಳಗ್ಗೆಯೇ ಅಳೆದು ಒಂದು ಬಟ್ಟಲಲ್ಲಿಡುತ್ತೇವೆ. ಹಾಕಿದವರು ಬಟ್ಟಲನ್ನು ಬೋರಲು ಹಾಕಬೇಕು. ಬಟ್ಟಲು ಬೋರಲಿದ್ದರೆ ಉಪ್ಪು ಬಿದ್ದಿದೆ ಎಂದೇ ಲೆಕ್ಕ, ಕೇಳುವ ಗೋಜೇ ಇಲ್ಲ. ಪ್ರತಿ ಸಲದ ಹಿಟ್ಟಿನದೂ ಒಂದು ಹಪ್ಪಳ ಕರಿದು ನೋಡದೆ ಪ್ಯಾಕೆಟ್ ಕಟ್ಟುವುದಿಲ್ಲ. ಕೈತಪ್ಪಿನಿಂದ ಆದ ನಷ್ಟ ಎಲ್ಲರ ಲಾಭದಿಂದ ಹೋಗುತ್ತೆ, ಆದರೆ ಅವತ್ತೇ ಬಾಯಿಬಿಟ್ಟು ಹೇಳಬೇಕು.

ಹಾಗಂತ ಎಲ್ಲಕ್ಕೂ ಮಾಫಿ ಅಂದುಕೊಳ್ಳಬೇಡಿ. ದೀಪಾವಳಿಯ ಹೊತ್ತಿಗೆ ಒಬ್ಬರು ಮುರಿದ ಹಪ್ಪಳಗಳನ್ನು ಗೊತ್ತಿದ್ದೂ ಪ್ಯಾಕೆಟ್ಟಿನ ಮಧ್ಯೆ ಸೇರಿಸಿಬಿಟ್ಟರು. ಅದು ಕೈತಪ್ಪಲ್ಲ. ಅವರ ಮಾತು ಪೂರ್ತಿ ಕೇಳಿದೆವು, ಆಮೇಲೆ ಆ ಪ್ಯಾಕೆಟ್ಟುಗಳ ದುಡ್ಡನ್ನು ಅವರಿಂದಲೇ ಕಟ್ಟಿಸಿದೆವು. ಎರಡು ವಾರ ಮುನಿಸಿಕೊಂಡಿದ್ದರು. ಈಗ ಬರುತ್ತಿದ್ದಾರೆ.

ಎದುರು ಮನೆಯ ಹುಡುಗಿಯೂ ಬಂದಳು. ಮೊನ್ನೆ ನಾನು ಎದ್ದು ಹೊರಟರೆ, "ಅಕ್ಕಾ, ಬಟ್ಟಲು!" ಎಂದು ಎಲ್ಲರ ಎದುರೇ ಕೂಗಿದಳು. ವಾಪಸ್ ಬಂದು ಬೋರಲು ಹಾಕಿ ಹೋದೆ.

ಆ 40 ಪ್ಯಾಕೆಟ್ ಏನು ಮಾಡಿದಿರಿ ಅಂತೀರಾ? ನಾವೇ ಹಂಚಿಕೊಂಡೆವು. ಕರಿದು ಪುಡಿಮಾಡಿ, ಉಪ್ಪು ಹಾಕದ ಮಂಡಕ್ಕಿಗೆ ಈರುಳ್ಳಿ, ಕಾಯಿತುರಿ, ನಿಂಬೆರಸದ ಜೊತೆ ಬೆರೆಸಿ ನೋಡಿ. ಮಕ್ಕಳು ಇನ್ನೂ ಬೇಕೆನ್ನುತ್ತವೆ.