ಮನಸ್ಸಿನ ಮದ್ದು ಯಾರ ಸ್ವತ್ತು?

ಕನ್ನಂಬಾಡಿ ಕಟ್ಟೆ ತುಂಬಿದ ಮಾತ್ರಕ್ಕೆ ಗದ್ದೆ ನೆನೆಯುವುದಿಲ್ಲ. ತೂಬು ಎತ್ತಬೇಕು, ನಾಲೆಯ ಹೂಳು ತೆಗೆದಿರಬೇಕು, ನೀರಗಂಟಿ ತನ್ನ ಕೆಲಸ ಮಾಡಬೇಕು. ಈ ಮಾತು ಶ್ರೀರಂಗಪಟ್ಟಣ, ಪಾಂಡವಪುರದ ಮಕ್ಕಳಿಗೂ ಗೊತ್ತು. ನಾಗಮಂಗಲದ ಬೆದ್ದಲು ಉಳುವವನಿಗಂತೂ ಇನ್ನೂ ಚೆನ್ನಾಗಿ ಗೊತ್ತು. ವಿದ್ಯೆಯ ವಿಷಯವೂ ಹೀಗೆಯೇ. ಮನೋರೋಗಕ್ಕೆ ಬಡವನ ಊರಿನಲ್ಲೇ ಚಿಕಿತ್ಸೆ ಕೊಡುವುದು ಹೇಗೆ ಎಂಬ ವಿದ್ಯೆ ಬೆಂಗಳೂರಿನಲ್ಲಿ ಐವತ್ತು ವರ್ಷದಿಂದ ತುಂಬಿ ನಿಂತಿದೆ. ಅದು ನಮ್ಮ ಬೀದಿಗೆ ಏಕೆ ಹರಿದು ಬಂದಿಲ್ಲ?

ಡಾ. ಆರ್. ಎಲ್. ಕಪೂರರ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಕೇಳಿರಲಾರಿರಿ, ತಪ್ಪು ನಿಮ್ಮದಲ್ಲ. 1970ರ ದಶಕದ ಮೊದಲಲ್ಲಿ ಈ ಮನೋವೈದ್ಯರು ಮಾರಿಸ್ ಕಾರ್‌ಸ್ಟೇರ್ಸ್ ಎಂಬ ಬ್ರಿಟಿಷ್ ವಿದ್ವಾಂಸರೊಡನೆ ಕರಾವಳಿಯ ಕೋಟ ಎಂಬ ಊರಿಗೆ ಹೋದರು. ಬ್ರಾಹ್ಮಣರು, ಬಂಟರು, ಮೊಗವೀರರು ಎನ್ನದೆ ಮನೆಮನೆಯಲ್ಲಿ ವಿಚಾರಿಸಿದರು. ವಿಲಾಯತಿಯ ಪ್ರಶ್ನಾವಳಿಯನ್ನು ಕಣ್ಣುಮುಚ್ಚಿ ಒಪ್ಪದೆ, ನಮ್ಮ ಜನ ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ಹೊಂದುವಂತೆ ಪ್ರಶ್ನೆಗಳನ್ನು ರೂಪಿಸಿದರು. 1976ರಲ್ಲಿ ಆ ಅಧ್ಯಯನ ಪುಸ್ತಕವಾಗಿ ಬಂತು. ಮನಸ್ಸಿನ ಕಾಯಿಲೆ ಪಟ್ಟಣದ ಸುಖಪುರುಷರ ಸೊತ್ತಲ್ಲ, ಗದ್ದೆಯಲ್ಲೂ ದೋಣಿಯಲ್ಲೂ ದುಡಿಯುವವರ ಮನೆಯಲ್ಲೂ ಅದು ಇದೆ ಎಂಬುದು ಅಲ್ಲಿ ಕಂಡುಬಂತು. ಕಾಯಿಲೆಯವರನ್ನು ಜನ ಪಾತ್ರಿಯ ಬಳಿಗೂ, ಮಂತ್ರವಾದಿಯ ಬಳಿಗೂ, ಡಾಕ್ಟರರ ಬಳಿಗೂ ಕರೆದೊಯ್ಯುತ್ತಿದ್ದರು. ಇದನ್ನು ಮೌಢ್ಯವೆಂದು ಹಂಗಿಸುವುದು ಸುಲಭ. ಹತ್ತಿರದಲ್ಲಿ ಯಾರು ಕೈಹಿಡಿಯುತ್ತಾರೋ ಬಡವ ಅವರ ಬಾಗಿಲಿಗೆ ಹೋಗುತ್ತಾನೆ, ಅಷ್ಟೆ.

ಆಮೇಲೆ ಕಪೂರರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಬಂದರು. 1976ರ ಸುಮಾರಿಗೆ ಬನ್ನೇರುಘಟ್ಟದ ಕಡೆಯ ಸಕಲವಾರ ಗ್ರಾಮದಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಒಂದು ಕೇಂದ್ರ ನಡೆಸಿದರು. ದೊಡ್ಡ ಆಸ್ಪತ್ರೆ ಕಟ್ಟಿಸಲಿಲ್ಲ, ಯಂತ್ರ ತರಿಸಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತೆಗೆ ತರಬೇತಿ ಕೊಟ್ಟರು. ಚಿತ್ತವಿಕಾರ, ಖಿನ್ನತೆ, ಮೂರ್ಛೆರೋಗ ಇವನ್ನು ಗುರುತಿಸುವುದು ಹೇಗೆ, ಬೆರಳೆಣಿಕೆಯ ಅಗ್ಗದ ಮಾತ್ರೆಗಳಿಂದ ನಿಭಾಯಿಸುವುದು ಹೇಗೆ ಎಂದು ಕಲಿಸಿದರು. 1985ರ ಹೊತ್ತಿಗೆ ಇದೇ ಕ್ರಮವನ್ನು ಸುಮಾರು 20 ಲಕ್ಷ ಜನರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದರು. ರೋಗಿ ಬೆಂಗಳೂರಿಗೆ ಬರಬೇಕಿಲ್ಲ, ಮದ್ದೇ ರೋಗಿಯ ಊರಿಗೆ ಹೋಗಬಹುದು ಎಂಬುದು ರುಜುವಾತಾಯಿತು.

ಕಪೂರರು 2006ರಲ್ಲಿ ತೀರಿಕೊಂಡರು. ವಿದ್ವಾಂಸರು ತಮ್ಮ ಕೆಲಸ ಮಾಡಿ ಹೋದರು. ಸರ್ಕಾರದವರು ಏನು ಮಾಡಿದರು? ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು 1982ರಲ್ಲಿ ಘೋಷಿಸಿದರು. ಅದನ್ನು ಜಿಲ್ಲೆಗಳಿಗೆ ಒಯ್ಯುವ ಯೋಜನೆ ಶುರುವಾದದ್ದು 1996ರಲ್ಲಿ. ಹದಿನಾಲ್ಕು ವರ್ಷ ಕಡತ ಮೇಜಿನಿಂದ ಮೇಜಿಗೆ ತಿರುಗಿತು. 2015–16ರಲ್ಲಿ ನಿಮ್ಹಾನ್ಸ್‌ನವರೇ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದರು. ವಯಸ್ಕರಲ್ಲಿ ಹತ್ತಕ್ಕೆ ಒಬ್ಬರಿಗೆ ಒಂದಲ್ಲ ಒಂದು ಮನೋರೋಗ. ಕಾಯಿಲೆಯ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಇಲ್ಲ. ಬಳ್ಳಾರಿಯಲ್ಲಿ ದಾರಿ ತೋರಿಸಿ ಮೂವತ್ತು ವರ್ಷವಾದ ಮೇಲೂ ಈ ಗತಿ! ಇದು ವಿಜ್ಞಾನದ ಸೋಲಲ್ಲ, ಆಳುವವರ ಅಲಕ್ಷ್ಯ.

ಆಲೆಮನೆಯ ಕೊಪ್ಪರಿಗೆ ಮುಂದೆ ಬೇಯುವವನು ಮಗಳ ಕಾಯಿಲೆಗೆಂದು ಬೆಂಗಳೂರಿಗೆ ಹೊರಟರೆ ಬಸ್ಸಿನ ಚಾರ್ಜಿನ ಜತೆಗೆ ದಿನಗೂಲಿಯೂ ಹೋಯಿತು. ಕೃಷ್ಣರಾಜಪೇಟೆಯ ಸಂತೆಯಲ್ಲಿ ಅಂಗಡಿ ಹಾಕುವವನಿಗೆ ಒಂದು ಸಂತೆ ತಪ್ಪಿದರೆ ವಾರದ ವ್ಯಾಪಾರವೇ ತಪ್ಪಿತು. ಎರಡು ಸಲ ಹೋದಾರು; ಮೂರನೆಯ ಸಲಕ್ಕೆ ಮಾತ್ರೆ ನಿಂತಿತು, ಕಾಯಿಲೆ ಮರುಕಳಿಸಿತು. ಉಳ್ಳವರು ಆಗ ಏನೆನ್ನುತ್ತಾರೆ? ಈ ಜನಕ್ಕೆ ತಿಳಿವಳಿಕೆ ಇಲ್ಲ ಎನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ನಮ್ಮವರಲ್ಲೇ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. ಸಾಲ ತೀರಿದರೆ, ಕಬ್ಬಿನ ಬಾಕಿ ಬಂದರೆ, ಕಾರ್ಖಾನೆ ನಡೆದರೆ ಮನಸ್ಸು ತಾನೇ ನೆಟ್ಟಗಾಗುತ್ತದೆ, ಮಾತ್ರೆ ಯಾಕೆ ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. 2015ರಲ್ಲಿ ಕಬ್ಬಿನ ಹಣ ಬಾರದೆ, ಸಾಲ ಹಿಂಡಿ, ಮಂಡ್ಯ ಜಿಲ್ಲೆಯ ಎಷ್ಟು ಮನೆಗಳು ಯಜಮಾನನನ್ನು ಕಳೆದುಕೊಂಡವು ಎಂಬುದನ್ನು ನಾವು ಮರೆತಿಲ್ಲ. ಪಾಂಡವಪುರದ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದಾಗ ಕಾರ್ಮಿಕರ ಮನೆಯ ಒಲೆ ಹೇಗಿತ್ತು ಎಂಬುದೂ ಗೊತ್ತು. ಸತ್ತವನಿಗೆ ಮನೋರೋಗವಿತ್ತು ಎಂದು ಷರಾ ಬರೆದು ಬಾಕಿ ಹಣದ ಪ್ರಶ್ನೆಯನ್ನು ಮುಚ್ಚಿಹಾಕಲು ಬಂದರೆ ಅದನ್ನು ಖಂಡಿತ ಖಂಡಿಸಬೇಕು. ಆದರೆ ಸಾಲಗಾರನ ಪಕ್ಕದ ಮನೆಯಲ್ಲಿ ಸಾಲವಿಲ್ಲದ ಹೆಂಗಸು ಹೆರಿಗೆಯಾದ ಮೇಲೆ ಖಿನ್ನಳಾಗಿ ಮೂಲೆ ಹಿಡಿದಿದ್ದಾಳೆ. ಆಚೆ ಬೀದಿಯ ಹುಡುಗನಿಗೆ ಯಾರೂ ಇಲ್ಲದೆ ದನಿ ಕೇಳಿಸುತ್ತದೆ. ಇವರು ಬಾಕಿ ಬರುವ ತನಕ ಕಾಯಬೇಕೆ? ಮಲೇರಿಯಾ ಬಂದವನಿಗೆ ಮೊದಲು ಚರಂಡಿ ಸರಿಯಾಗಲಿ, ಆಮೇಲೆ ಮಾತ್ರೆ ಕೊಡೋಣ ಎನ್ನುತ್ತೇವೆಯೆ? ಚರಂಡಿಯೂ ಆಗಬೇಕು, ಮಾತ್ರೆಯೂ ಬೇಕು. ಹಾಗೆಯೇ ಬಾಕಿಯೂ ಬರಬೇಕು, ಮದ್ದೂ ಬರಬೇಕು.

ಇದು ಭಿಕ್ಷೆಯ ಮಾತಲ್ಲ. ನಿಮ್ಹಾನ್ಸ್‌ನ ಬುಡದಲ್ಲಿರುವುದು ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ. ಅದನ್ನು ನಡೆಸಿದ್ದು ನಮ್ಮ ತಾತಂದಿರು ಕಟ್ಟಿದ ಕಂದಾಯ. 1954ರಲ್ಲಿ ಅದರ ಜತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಇಂಥ ವಿದ್ಯೆಯ ಒಡೆಯರು ನಾವು, ಗಿರಾಕಿಗಳಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನೇ ಹೇಳುತ್ತದೆ: ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು, ಅವಶ್ಯಕ ಔಷಧಿ ಪುಕ್ಕಟೆ ಸಿಗಬೇಕು, ವಿಮೆಯಲ್ಲಿ ಮೈಯ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡಕೂಡದು, ಕನಿಷ್ಠ ಸೇವೆಯೂ ಜಿಲ್ಲೆಯಲ್ಲಿ ಸರ್ಕಾರದಿಂದ ಸಿಗದಿದ್ದರೆ, ಅದೇ ಜಿಲ್ಲೆಯ ಬೇರೆ ಕಡೆ ಪಡೆದ ಚಿಕಿತ್ಸೆಯ ಖರ್ಚನ್ನು ಸರ್ಕಾರ ಹೊರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ನಿಜವಾಗಲು ನಾವು ಬಿಡಬಾರದು.

ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಯೋಜನೆಯನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಸ್ನೇಹಿತರೇ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿ. ವೈದ್ಯರು ಯಾವ ಮಂಗಳವಾರ ಬರುತ್ತಾರೆ? ಮಾತ್ರೆ ದಾಸ್ತಾನಿದೆಯೆ, ಇಲ್ಲ ಹೊರಗಿನ ಅಂಗಡಿಗೆ ಚೀಟಿ ಬರೆಯುತ್ತಾರೆಯೆ? ಒಬ್ಬರೇ ಹೋದರೆ ನಾಳೆ ಬಾ ಎಂದಾರು. ಕಾರ್ಮಿಕ ಸಂಘದ, ವರ್ತಕರ ಸಂಘದ ಹತ್ತು ಜನ ಕೂಡಿ ಹೋಗಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ರಾತ್ರಿ ಹೊತ್ತು ಮನಸ್ಸು ಕುಸಿದವರಿಗೆ 14416 ಎಂಬ ಪುಕ್ಕಟೆ ದೂರವಾಣಿ 2022ರಿಂದ ಇದೆ. ಆ ಅಂಕಿಯನ್ನು ಗಿರಣಿಯ ಗೇಟಿನಲ್ಲಿ, ಅಂಗಡಿಯ ಗೋಡೆಯಲ್ಲಿ ಬರೆಯಿರಿ.

ಹುಚ್ಚ ಎಂದು ನಗುವುದನ್ನು ನಾವು ಮೊದಲು ಬಿಡೋಣ. ತೂಬು ಎತ್ತದವರನ್ನು ಆಮೇಲೆ ನಾವು ಬಿಡುವುದು ಬೇಡ.